ಸಭಿಕರಿಗೆ ಸ್ಲೈಡ್ ಮಾತ್ರ, ನನಗೆ ಟಿಪ್ಪಣಿಯೂ ಕಾಣಬೇಕು: ಪ್ರೆಸೆಂಟರ್ ವ್ಯೂ ಕುರಿತು ಸಹಾಯ ಬೇಕು

ಪ್ರಶ್ನೆ: ಪ್ರಾಣಿಶಾಸ್ತ್ರ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಪಶ್ಚಿಮ ಘಟ್ಟಗಳ ಜೀವವೈವಿಧ್ಯವನ್ನು ಕುರಿತು ಒಂದು ಗಂಟೆ ಕನ್ನಡದಲ್ಲಿ ಉಪನ್ಯಾಸ ನೀಡಬೇಕಾಗಿದೆ. ಸ್ಲೈಡುಗಳಲ್ಲಿ ವಾಕ್ಯಗಳನ್ನು ತುಂಬಿ ಅವನ್ನೇ ಓದಿ ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆದ್ದರಿಂದ ಪರದೆಗೆ ಚಿತ್ರ ಮತ್ತು ನಕ್ಷೆಗಳನ್ನಷ್ಟೇ ಇಟ್ಟು, ಹೇಳಬೇಕಾದ ವಿವರಗಳನ್ನೆಲ್ಲ ಪವರ್‌ಪಾಯಿಂಟಿನ ನೋಟ್ಸ್ ಭಾಗದಲ್ಲಿ ಬರೆದುಕೊಂಡಿದ್ದೇನೆ. ಆದರೆ ಪ್ರೊಜೆಕ್ಟರ್ ಜೋಡಿಸಿ ಎಫ್5 ಒತ್ತಿದರೆ ಲ್ಯಾಪ್‌ಟಾಪಿನಲ್ಲೂ ಗೋಡೆಯ ಪರದೆಯಲ್ಲೂ ಒಂದೇ ಚಿತ್ರ ಮೂಡುತ್ತದೆ. ಟಿಪ್ಪಣಿ ಎಲ್ಲಿಯೂ ಕಾಣುವುದಿಲ್ಲ.

ಟಿಪ್ಪಣಿ ನನಗೆ ಮಾತ್ರ ಕಾಣುವಂತೆ ಮಾಡುವುದು ಹೇಗೆ? ಮನೆಯಲ್ಲಿ ಎರಡನೆಯ ಪರದೆ ಇಲ್ಲದೆ ಇದನ್ನು ಅಭ್ಯಾಸ ಮಾಡಬಹುದೇ? ನನ್ನದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಶಿಬಿರದಲ್ಲಿ ವಿಂಡೋಸ್ ಬದಲು ಉಬುಂಟು (ಲಿನಕ್ಸ್), ಪವರ್‌ಪಾಯಿಂಟಿನ ಬದಲು ಲಿಬ್ರೆಆಫೀಸ್ ಇರುವ ಅಲ್ಲಿನ ಕಂಪ್ಯೂಟರನ್ನೇ ಬಳಸಬೇಕಾಗಿ ಬರಬಹುದು ಎಂದೂ ತಿಳಿಸಿದ್ದಾರೆ.

ಉತ್ತರ 1: ಸಭಾಂಗಣದ ತಾಂತ್ರಿಕ ಸಹಾಯಕ

ಮೇಡಂ, ತಾವು ಹೇಳಿದ ಲಕ್ಷಣವನ್ನು ನೋಡಿದರೆ ಪವರ್‌ಪಾಯಿಂಟಿನಲ್ಲಿ ಏನೂ ಕೆಟ್ಟಿಲ್ಲ. ವಿಂಡೋಸ್ ಎರಡು ಪರದೆಗಳನ್ನೂ ಒಂದರ ಪ್ರತಿಯಾಗಿ ಇನ್ನೊಂದನ್ನು ತೋರಿಸುತ್ತಿದೆ, ಅಷ್ಟೇ. ವಿಂಡೋಸ್ ಕೀಲಿ ಮತ್ತು ಪಿ ಕೀಲಿಯನ್ನು ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅದರಲ್ಲಿ 'ಡೂಪ್ಲಿಕೇಟ್' ಇದ್ದುದನ್ನು 'ಎಕ್ಸ್‌ಟೆಂಡ್' ಮಾಡಿ. ಆಗ ಕಂಪ್ಯೂಟರಿಗೆ ಪ್ರೊಜೆಕ್ಟರು ಬೇರೆಯೇ ಒಂದು ಪರದೆಯಾಗಿ ಕಾಣುತ್ತದೆ. ಬಳಿಕ 'ಸ್ಲೈಡ್ ಶೋ' ಪಟ್ಟಿಯಲ್ಲಿ 'ಯೂಸ್ ಪ್ರೆಸೆಂಟರ್ ವ್ಯೂ' ಎಂಬುದಕ್ಕೆ ಗುರುತು ಹಾಕಿ ಎಫ್5 ಒತ್ತಿದರೆ, ಸಭಿಕರ ಕಡೆ ಸ್ಲೈಡ್ ಮಾತ್ರ ಇರುತ್ತದೆ. ತಮ್ಮ ಕಡೆ ಈಗಿನ ಸ್ಲೈಡ್, ಮುಂದೆ ಬರುವ ಸ್ಲೈಡ್, ಟಿಪ್ಪಣಿ ಮತ್ತು ಕಳೆದ ಸಮಯ ಕಾಣುತ್ತವೆ. ಎರಡು ಪರದೆಗಳು ಅದಲುಬದಲಾಗಿ ಬಂದರೆ ಗಾಬರಿಯಾಗಬೇಡಿ. ಪ್ರೆಸೆಂಟರ್ ವ್ಯೂವಿನ ಮೇಲ್ಭಾಗದಲ್ಲಿರುವ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ಒಳಗೆ ಅವನ್ನು ಬದಲಿಸುವ ಆಯ್ಕೆ ಇದೆ.

ಮನೆಯಲ್ಲಿ ಅಭ್ಯಾಸಕ್ಕೆ ಎರಡನೆಯ ಪರದೆ ಬೇಕಿಲ್ಲ. ಆಲ್ಟ್ ಮತ್ತು ಎಫ್5 ಒಟ್ಟಿಗೆ ಒತ್ತಿದರೆ ಒಂದೇ ಪರದೆಯಲ್ಲಿ ಪ್ರೆಸೆಂಟರ್ ವ್ಯೂ ತೆರೆದುಕೊಳ್ಳುತ್ತದೆ.

ಎಕ್ಸ್‌ಟೆಂಡ್ ಮಾಡಿದ ಮೇಲೆ ಅನೇಕರು ತಡವರಿಸುವ ಒಂದು ಸಂಗತಿಯನ್ನು ವಿವರವಾಗಿ ಹೇಳುತ್ತೇನೆ. ನಡುವೆ ಒಂದು ವಿಡಿಯೋ ಕಡತವನ್ನೋ ಜಾಲತಾಣವನ್ನೋ ತೆರೆದರೆ ಅದು ಸಾಮಾನ್ಯವಾಗಿ ಲ್ಯಾಪ್‌ಟಾಪಿನಲ್ಲೇ ತೆರೆದುಕೊಳ್ಳುತ್ತದೆ. ಭಾಷಣಕಾರರು ಅದನ್ನು ನೋಡುತ್ತ ವಿವರಿಸುತ್ತಿದ್ದರೂ ಸಭಿಕರ ಮುಂದೆ ಹಳೆಯ ಸ್ಲೈಡೇ ನಿಂತಿರುತ್ತದೆ. ಆದ್ದರಿಂದ ಕಪ್ಪೆಯ ಕೂಗಿನಂಥ ಧ್ವನಿ ಅಥವಾ ವಿಡಿಯೋ ಇದ್ದರೆ ಅದನ್ನು ಸ್ಲೈಡಿನೊಳಗೇ ಸೇರಿಸಿಬಿಡಿ. ಯಾರಾದರೂ ಹಿಂದಿನ ಚಿತ್ರವೊಂದರ ಬಗ್ಗೆ ಪ್ರಶ್ನೆ ಕೇಳಿದರೆ ಆ ಸ್ಲೈಡಿನ ಸಂಖ್ಯೆಯನ್ನು ಒತ್ತಿ ಎಂಟರ್ ಕೊಟ್ಟರೆ ಸಾಕು, ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋಗಬೇಕಿಲ್ಲ. ಸಭಿಕರ ಗಮನ ತಮ್ಮ ಮಾತಿನ ಮೇಲಷ್ಟೇ ಇರಬೇಕೆನಿಸಿದಾಗ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಸ್ಲೈಡ್ ಮರಳಿ ಬರುತ್ತದೆ.

ಉತ್ತರ 2: ಲಿನಕ್ಸ್ ಬಳಕೆದಾರ

ಲಿಬ್ರೆಆಫೀಸಿನ ಸ್ಲೈಡ್ ತಂತ್ರಾಂಶವಾದ ಇಂಪ್ರೆಸ್‌ನಲ್ಲಿ ಇದೇ ಸೌಲಭ್ಯಕ್ಕೆ ಪ್ರೆಸೆಂಟರ್ ಕನ್ಸೋಲ್ ಎನ್ನುತ್ತಾರೆ. ಉಬುಂಟುವಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 'ಮಿರರ್' ಬದಲು 'ಜಾಯಿನ್' ಆರಿಸಿದ ಮೇಲೆ ಎಫ್5 ಒತ್ತಿ. ಕನ್ಸೋಲ್ ತೆರೆದಾಗ ಟಿಪ್ಪಣಿ ಕಾಣದಿದ್ದರೆ ಕಂಟ್ರೋಲ್ ಮತ್ತು 2 ಒತ್ತಬೇಕು. ಅಕ್ಷರ ಚಿಕ್ಕದೆನಿಸಿದರೆ ಜಿ ಕೀಲಿ ಅದನ್ನು ದೊಡ್ಡದು ಮಾಡುತ್ತದೆ, ಎಸ್ ಕೀಲಿ ಚಿಕ್ಕದು ಮಾಡುತ್ತದೆ.

ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ ಮಾತು ಇನ್ನೊಂದಿದೆ. ತಮ್ಮ ಟಿಪ್ಪಣಿಗಳು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಕ್ರಮವಾದ ಯೂನಿಕೋಡ್‌ನಲ್ಲಿವೆಯೇ? ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ (ರೋಮನ್ ಅಕ್ಷರಗಳ ಸಂಕೇತಗಳನ್ನೇ ಬಳಸಿ ಕನ್ನಡ ತೋರಿಸುವಂಥವು) ಟೈಪ್ ಮಾಡಿದ ಪಠ್ಯವು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಸಭೆಯ ಎದುರು ನಿಂತಾಗ ಅದು ಗೊತ್ತಾದರೆ ಮಾಡುವುದಕ್ಕೇನೂ ಇರುವುದಿಲ್ಲ. ಹಳೆಯ ಕಡತಗಳಿಂದ ನಕಲಿಸಿದ ಭಾಗಗಳಿದ್ದರೆ ಅವನ್ನು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ, ವಿಂಡೋಸ್‌ನಲ್ಲಿ ಇರುವ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಫಾಂಟ್ ಬಳಸಿ.

ಉತ್ತರ 3: ನಿವೃತ್ತ ಶಿಕ್ಷಕ

ಮೇಡಂ, ತಾಂತ್ರಿಕ ವಿಷಯವನ್ನು ಇಬ್ಬರೂ ಚೆನ್ನಾಗಿ ತಿಳಿಸಿದ್ದಾರೆ. ಆದರೆ 'ವಿವರಗಳನ್ನೆಲ್ಲ' ಬರೆದುಕೊಂಡಿದ್ದೇನೆ ಎಂದಿದ್ದೀರಲ್ಲ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಟಿಪ್ಪಣಿಯಲ್ಲಿ ಪೂರ್ಣ ವಾಕ್ಯಗಳಿದ್ದರೆ ಕಣ್ಣು ತಾನಾಗಿ ಅವನ್ನು ಓದತೊಡಗುತ್ತದೆ. ಪರದೆಯನ್ನು ನೋಡಿ ಓದುವುದು ತಪ್ಪಿದರೂ ಲ್ಯಾಪ್‌ಟಾಪ್ ನೋಡಿ ಓದಿದಂತಾಗುತ್ತದೆ, ಶಿಕ್ಷಕರ ಮುಖ ನೋಡಿ ಮಾತನಾಡುವ ಅವಕಾಶ ಕೈತಪ್ಪುತ್ತದೆ. ನೆನಪಿನಲ್ಲಿ ನಿಲ್ಲದ ಅಂಕಿ ಮತ್ತು ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ. ಪಶ್ಚಿಮ ಘಟ್ಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಲೈಡ್ ಇದೆ ಎಂದಿಟ್ಟುಕೊಳ್ಳೋಣ. ಅದಕ್ಕೆ '2012, ಒಟ್ಟು ತಾಣ 39, ಕರ್ನಾಟಕ 10' ಎಂಬಷ್ಟು ಸಾಕು. ಉಳಿದದ್ದನ್ನು ಹೇಳುವ ಜ್ಞಾನ ತಮ್ಮಲ್ಲಿ ಇದ್ದೇ ಇದೆ. ಹೀಗೆ ಚಿಕ್ಕದಾಗಿದ್ದರೆ ಟಿಪ್ಪಣಿಯ ಅಕ್ಷರಗಳನ್ನು ದೊಡ್ಡದು ಮಾಡಿ ಎರಡು ಹೆಜ್ಜೆ ದೂರದಿಂದಲೂ ಓದಬಹುದು, ಮೇಜಿಗೆ ಅಂಟಿಕೊಂಡು ನಿಲ್ಲಬೇಕಿಲ್ಲ.

ಜೊತೆಗೆ, ಮುದ್ರಣದ ಆಯ್ಕೆಯಲ್ಲಿ 'ನೋಟ್ಸ್ ಪೇಜಸ್' ಆರಿಸಿ ಕಾಗದದ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಬೇರೆಯವರ ಯಂತ್ರದ ಮೇಲೆ ಪೂರ್ತಿ ಭಾರ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಆಲ್ಟ್ ಮತ್ತು ಎಫ್5 ಒತ್ತಿ ನೋಡಿದೆ, ಟಿಪ್ಪಣಿಗಳು ಕಾಣುತ್ತಿವೆ. ಅವನ್ನು ಚಿಕ್ಕದು ಮಾಡುವ ಕೆಲಸವನ್ನೂ ಆರಂಭಿಸಿದ್ದೇನೆ. ಶಿಬಿರದ ಪ್ರೊಜೆಕ್ಟರ್ ಹಳೆಯದು, ವಿಜಿಎ ತಂತಿ ಮಾತ್ರ ಇದೆ ಎಂದು ಈಗ ತಿಳಿಯಿತು. ಅದರಿಂದ ಪ್ರೆಸೆಂಟರ್ ವ್ಯೂಗೆ ತೊಂದರೆಯಾಗುವುದೇ?

ಉತ್ತರ 1ನ್ನು ಬರೆದವರು:

ತೊಂದರೆಯಿಲ್ಲ ಮೇಡಂ. ತಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಒಯ್ಯಬೇಕು. ವಿಜಿಎ ತಂತಿಯಲ್ಲಿ ಧ್ವನಿ ಹೋಗುವುದಿಲ್ಲವಾದ್ದರಿಂದ ಸ್ಪೀಕರಿಗೆ ಬೇರೆ ತಂತಿ ಬೇಕಾಗುತ್ತದೆ. ಹಳೆಯ ಪ್ರೊಜೆಕ್ಟರುಗಳಲ್ಲಿ ಬಹಳಷ್ಟು 1024×768 ಅಳತೆಯವು, ಅಂದರೆ 4:3 ಅನುಪಾತದವು. ತಮ್ಮ ಸ್ಲೈಡುಗಳು 16:9 ಅನುಪಾತದಲ್ಲಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರ ಚಿಕ್ಕದಾಗುತ್ತದೆ, ಆದ್ದರಿಂದ ನಕ್ಷೆಯ ಮೇಲಿನ ಊರಿನ ಹೆಸರುಗಳನ್ನು ಈಗಿರುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ಇಡಿ. ತಂತಿ ಜೋಡಿಸಿದ ಮೇಲೂ ಎರಡನೆಯ ಪರದೆ ಗುರುತು ಸಿಗದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ 'ಡಿಟೆಕ್ಟ್' ಒತ್ತಿ ನೋಡಿ.