ಅಪ್‌ಡೇಟ್: ಚಿನ್ನದ ಸಾಲದ 33 ರೂಪಾಯಿ ಲೆಕ್ಕ ಸಿಕ್ಕಿತು

ಹೋದ ಸಲ ಕೇಳಿದ್ದು ಇಷ್ಟೇ: 1 ಲಕ್ಷ ಸಾಲ, ವರ್ಷಕ್ಕೆ ಶೇ. 12 ಬಡ್ಡಿ. 2025ರ ಜನವರಿ 10ಕ್ಕೆ ಒಡವೆ ಅಡವಿಟ್ಟು ಏಪ್ರಿಲ್ 10ಕ್ಕೆ ಬಿಡಿಸಿಕೊಂಡೆ. ನನ್ನ ಲೆಕ್ಕದಲ್ಲಿ ಬಡ್ಡಿ 2,959. ರಸೀದಿಯಲ್ಲಿ 2,992. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಅಂದರೆ ಸುಮ್ನೆ 3,000 ಅಲ್ವಾ, ಅಂತ ಅಣ್ಣ.

ನೀವು ಹೇಳಿದಂತೆ ಕೌಂಟರ್‌ನಲ್ಲಿ ದಿನದ ಲೆಕ್ಕವನ್ನೇ ಕೇಳಿದೆ. ಜನವರಿಯಲ್ಲಿ 21, ಫೆಬ್ರವರಿ 28, ಮಾರ್ಚ್ 31, ಏಪ್ರಿಲ್‌ನಲ್ಲಿ 10. ಒಟ್ಟು 90. ಅವರು ಅಡವಿಟ್ಟ ದಿನವನ್ನೂ ಬಿಡಿಸಿದ ದಿನವನ್ನೂ ಸೇರಿಸಿ 91 ಹಿಡಿದಿದ್ದಾರೆ. ದಿನಕ್ಕೆ 12,000 ಭಾಗಿಸು 365, ಅಂದರೆ 32 ರೂಪಾಯಿ 88 ಪೈಸೆ. ವ್ಯತ್ಯಾಸ ಅದೇ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇದೆ, ಯಾರು ಓದುತ್ತಾರೆ!

ಅಣ್ಣನದ್ದು ತಿಂಗಳಿಗೆ 30 ದಿನ, ವರ್ಷಕ್ಕೆ 360 ಹಿಡಿಯುವ ಹಳೇ ಲೆಕ್ಕ. ಅಮೆರಿಕದ ಅಲ್ಪಾವಧಿ ಸಾಲಗಳಲ್ಲಿ ಇಂದಿಗೂ ದಿನಗಳನ್ನು ಸರಿಯಾಗಿ ಎಣಿಸಿ 360ರಿಂದಲೇ ಭಾಗಿಸುತ್ತಾರೆ. ಹಾಗೆ ಮಾಡಿದರೆ ಇಡೀ ವರ್ಷಕ್ಕೆ ಶೇ. 12 ಅನ್ನೋದು ಶೇ. 12.17 ಆಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 365.

ಒಬ್ಬರು ತಿಳಿಸಿದ್ದ ಆರ್‌ಬಿಐ ಸುತ್ತೋಲೆಯನ್ನೂ (2024ರ ಏಪ್ರಿಲ್ 29) ಓದಿದೆ. ಹಣ ಕೈಗೆ ಬರುವ ಮೊದಲೇ ಬಡ್ಡಿ ಶುರು ಮಾಡುವುದು, ಅರ್ಧ ತಿಂಗಳಿಗೆ ಪೂರ್ತಿ ತಿಂಗಳ ಬಡ್ಡಿ ಹಾಕುವುದು ತಪ್ಪು ಅಂತ ಅದರಲ್ಲಿದೆ. ನನ್ನ ಕೇಸ್ ಎರಡೂ ಅಲ್ಲ. 33 ರೂಪಾಯಿಗೆ ಜಗಳ ಬೇಡ ಅಂತ ಬಿಟ್ಟೆ.