‘ಅಚ್ಚೊತ್ತಿದ’ ಕಾಂಕ್ರೀಟು, ‘ಅಂಗಳ’ ಮತ್ತು ಉದುರಿಸುವ ಹಿಟ್ಟು

ಮಾನ್ಯರೇ,

ಕುಮಟಾ ಸಮೀಪದ ನನ್ನ ಪರಿಚಿತರೊಬ್ಬರು ತಮ್ಮ ಹೋಮ್‌ಸ್ಟೇ ಮನೆಯ ಹಿಂಬದಿಗೆ ಸ್ಟಾಂಪ್ಡ್ ಕಾಂಕ್ರೀಟಿನ ಪ್ಯಾಟಿಯೊ ಮಾಡಿಸಲು ಹೊರಟಿದ್ದಾರೆ. ಗೌಂಡಿಗಳು ಓದಿಕೊಂಡು ಕೆಲಸ ಮಾಡುವಂತೆ ಅದರ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಡಬೇಕೆಂದು ಶಿರಸಿಯಲ್ಲಿರುವ ನನ್ನನ್ನು ಕೇಳಿದರು. ಶೀರ್ಷಿಕೆಯಲ್ಲಿಯೇ ಎರಡು ಪದಗಳು ಕೈಕೊಟ್ಟವು. ಮೂರನೆಯದೊಂದು ಇನ್ನೂ ಸಿಕ್ಕಿಲ್ಲ.

ಮೊದಲು ‘ಸ್ಟಾಂಪ್ಡ್’. ಜಲ್ಲಿ ಹಾಸಿ ದಿಮ್ಮಸು ಹೊಡೆದ ನೆಲದ ಮೇಲೆ ಸುಮಾರು 4 ಅಂಗುಲ ದಪ್ಪಕ್ಕೆ ಕಾಂಕ್ರೀಟು ಹೊಯ್ದು, ಮಟ್ಟ ಮಾಡಿ, ಮೇಲೆ ಬಣ್ಣದ ಪುಡಿ ಎರಚಿ ಕರಣೆಯಿಂದ ಉಜ್ಜಿ, ಅದು ಪೂರ್ತಿ ಗಟ್ಟಿಯಾಗುವ ಮುನ್ನ ಕಲ್ಲಿನದೋ ಇಟ್ಟಿಗೆಯದೋ ಹಲಗೆಯದೋ ಮೈ ಮೂಡಿಸಿದ ಪಾಲಿಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಹಾಳೆಗಳನ್ನಿಟ್ಟು ಬಡಿಯುವುದು ಈ ಕೆಲಸದ ಸಾರ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ರ್ಯಾಡ್ ಬೌಮನ್ ಇದನ್ನು ರೂಢಿಗೆ ತಂದಾಗ ಲೋಹದ ಅಚ್ಚುಗಳಿದ್ದವು. ಮೆತ್ತನೆಯ ಹಾಳೆಗಳು ಆಮೇಲೆ ಬಂದವು.

ಸ್ಟಾಂಪಿಗೆ ನಮ್ಮಲ್ಲಿ ಪದಗಳ ಕೊರತೆಯಿಲ್ಲ, ತೊಂದರೆ ಇರುವುದು ಅವುಗಳ ಹೆಚ್ಚಳದಲ್ಲಿ. ಮರಾಠಿಯ ‘ಠಸಾ’ದಿಂದ ಬಂದ ‘ಠಸ್ಸೆ’ಯನ್ನು ಘಟ್ಟದ ಮೇಲೂ ಕೆಳಗೂ ಬಲ್ಲರಾದರೂ ಕೇಳಿದೊಡನೆ ಕಚೇರಿಯ ಮೇಜು ಕಣ್ಣಮುಂದೆ ಬರುತ್ತದೆ. ‘ಛಾಪಾ’ ಎಂದರೆ ಛಾಪಾ ಕಾಗದ, ‘ಮುದ್ರಾಂಕ’ ಎಂದರೆ ಆಸ್ತಿಪತ್ರಕ್ಕೆ ಕಟ್ಟುವ ಮುದ್ರಾಂಕ ಶುಲ್ಕ. ‘ಮುದ್ರಿತ ಕಾಂಕ್ರೀಟು’ ಎಂಬುದು ಹತ್ತು ವರ್ಷಗಳ ಹಿಂದೆ ನಡೆಯುತ್ತಿತ್ತೇನೋ. ಆದರೆ 2023ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ಯಂತ್ರದಿಂದ ಪದರಪದರವಾಗಿ ಮುದ್ರಿಸಿ ಕಟ್ಟಿದ ಅಂಚೆ ಕಚೇರಿ ತೆರೆದ ಮೇಲೆ ಆ ಪದಕ್ಕೆ ಬೇರೆಯೇ ಅರ್ಥ ಕೂತುಬಿಟ್ಟಿದೆ. ಇನ್ನೊಂದು ತಮಾಷೆಯೆಂದರೆ, ಕೊನೆಯಲ್ಲಿ ನೆಲದ ರಕ್ಷಣೆಗೆಂದು ಬಳಿಯುವ ಅಕ್ರಿಲಿಕ್ ಸೀಲರನ್ನೂ ನಿಘಂಟು ಹಿಡಿದು ಕನ್ನಡಿಸಹೊರಟರೆ ಸ್ಟಾಂಪೂ ಸೀಲೂ ಎರಡೂ ‘ಮುದ್ರೆ’ಯೇ ಆಗಿ, ‘ಮುದ್ರೆಯ ಮೇಲೆ ಮುದ್ರೆ ಹಾಕಿರಿ’ ಎಂದು ಗೌಂಡಿಗೆ ಹೇಳಿದಂತಾಗುತ್ತದೆ. ಅದನ್ನು ನಾನು ‘ಲೇಪ’ ಎಂದು ಮುಗಿಸಿದ್ದೇನೆ.

ಉಳಿದದ್ದು ‘ಅಚ್ಚು’. ಇಲ್ಲಿಯೂ ಒಂದು ಎಚ್ಚರ ಬೇಕು. ‘ಅಚ್ಚಿನ ಕಾಂಕ್ರೀಟು’ ಎಂದರೆ ನಮ್ಮ ಕಡೆಯ ಜನ ಇಂಟರ್‌ಲಾಕ್ ಬಿಲ್ಲೆಗಳನ್ನೇ ನೆನೆಯುತ್ತಾರೆ, ಏಕೆಂದರೆ ಅವನ್ನು ಬೇರೆ ಕಡೆ ಅಚ್ಚಿನಲ್ಲಿ ತಯಾರಿಸಿ ತಂದು ಜೋಡಿಸುತ್ತಾರೆ. ಅಚ್ಚಿಗೆ ಹೊಯ್ಯುವುದು ಬೇರೆ, ಅಚ್ಚು ಒತ್ತುವುದು ಬೇರೆ: ಬೆಲ್ಲದ ಪಾಕ ಅಚ್ಚಿನೊಳಗೆ ಹೋಗಿ ಅಚ್ಚಿನ ಆಕಾರವನ್ನೇ ಪಡೆಯುತ್ತದೆ, ಇಲ್ಲಿ ಚಪ್ಪಡಿಯ ಆಕಾರ ಮೊದಲೇ ಇದ್ದು, ಅದರ ಮೈಮೇಲೆ ಮಾತ್ರ ಗುರುತು ಮೂಡುತ್ತದೆ. ಆದ್ದರಿಂದ ಭೇದವನ್ನು ಹೇಳುವುದು ನಾಮಪದವಲ್ಲ, ಕ್ರಿಯಾಪದ. ‘ಅಚ್ಚೊತ್ತಿದ ಕಾಂಕ್ರೀಟು’ ಎಂಬುದೇ ಸರಿ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಒತ್ತುವ ಹೊತ್ತನ್ನು ಹೇಳುವಾಗ ಮಾತ್ರ ಕನ್ನಡ ತಾನಾಗಿ ಒದಗಿತು: ಹೆಬ್ಬೆರಳಿನಿಂದ ಒತ್ತಿದರೆ ಕಾಲು ಅಂಗುಲದಷ್ಟು ಗುರುತು ಕೂತು, ಬೆರಳಿಗೆ ಹಸಿ ಅಂಟದಿದ್ದರೆ ಅದು ‘ಹದ’. ಈ ಒಂದು ಪದ ಹೇಳುವುದನ್ನು ಹೇಳಲು ಇಂಗ್ಲಿಷಿಗೆ ಒಂದು ಸಾಲೇ ಬೇಕು.

ಎರಡನೆಯದು ‘ಪ್ಯಾಟಿಯೊ’. ಸ್ಪ್ಯಾನಿಷ್ ಮೂಲದಲ್ಲಿ ಇದು ಮನೆಯ ನಡುವೆ ಆಕಾಶಕ್ಕೆ ತೆರೆದುಕೊಂಡಿರುವ ಜಾಗ, ಅಂದರೆ ನಮ್ಮ ತೊಟ್ಟಿಗೆ ಹತ್ತಿರವಾದುದು. ಇಂಗ್ಲಿಷಿಗೆ ಬಂದಾಗ ಮನೆಯಿಂದ ಹೊರಬಿದ್ದು, ಗೋಡೆಗೆ ತಾಗಿದ ಹಾಸುನೆಲವಾಯಿತು. ಜಗುಲಿಗೆ ಮಾಡು ಉಂಟು, ಕಟ್ಟೆಗೆ ಎತ್ತರ ಉಂಟು, ಹಿತ್ತಿಲೆಂದರೆ ಗಿಡಮರಗಳೂ ಸೇರಿದವು. ಹೀಗಾಗಿ ಎಲ್ಲರೂ ‘ಅಂಗಳ’ ಎಂದು ಸಲಹೆ ಮಾಡಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಶಿರಸಿ ಸೀಮೆಯಲ್ಲಿ ಅಂಗಳವೆಂದರೆ ಮಳೆಗಾಲದಲ್ಲಿ ಕೊಚ್ಚಿಹೋಗದಂತೆ ಸೋಗೆ ಹೊದಿಸಿ, ಮಳೆ ನಿಂತ ಮೇಲೆ ಬಡಿದು ಸಗಣಿ ಸಾರಿಸಿ ಅಡಿಕೆ ಒಣಗಿಸಲು ಸಿದ್ಧಪಡಿಸುವ ಜಾಗ. ಕಲ್ಲಿನ ಸಂದುಗೊಂದುಗಳನ್ನು ಅಚ್ಚೊತ್ತಿದ ನೆಲದಲ್ಲಿ ಅಡಿಕೆ ಹರವಿದರೆ ಗುಡಿಸಿ ಒಟ್ಟುಮಾಡುವವರ ಪಾಡು ಬೇಡ. ಹೆಸರು ಒಂದೇ ಆದರೆ ನಾಳೆ ಯಾರೋ ಅಂಗಳವನ್ನೇ ಹೀಗೆ ಮಾಡಿಸಿ ಪಶ್ಚಾತ್ತಾಪ ಪಟ್ಟಾರು ಎಂಬ ಭಯವೂ ನನಗಿದೆ.

‘ಹಾಸು’ ಮತ್ತು ‘ಅಂಗಳ’ ಸೇರಿಸಿ ‘ಹಾಸಂಗಳ’ ಎಂದರೆ ಹೇಗೆ? ಹಾಸುಗಲ್ಲು ಎಂಬ ಪದ ಇರುವುದರಿಂದ ಕಿವಿಗೆ ಹೊಸದೆನಿಸದು, ‘ಹಾಸು’ ಎಂಬಲ್ಲಿ ನೆಲ ಮಣ್ಣಿನದಲ್ಲವೆಂಬ ಸೂಚನೆಯೂ ಸಿಗುತ್ತದೆ. ಆಕ್ಷೇಪವೊಂದೇ: ಕಾಂಕ್ರೀಟನ್ನು ಹೊಯ್ಯುತ್ತಾರೆಯೇ ಹೊರತು ಹಾಸುವುದಿಲ್ಲ. ಆದರೂ ನೋಡುವವರ ಕಣ್ಣಿಗೆ ಅದು ಹಾಸಿದ ಕಲ್ಲಿನಂತೆಯೇ ಕಾಣಬೇಕೆಂಬುದು ಮಾಡಿಸುವವರ ಆಸೆಯಲ್ಲವೇ? ಕಾರವಾರದ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಈ ನೆಲ ಹಾವಸೆ ಕಟ್ಟಿ ಜಾರದಿರಲು ಅಡಿಗೆ ಕಾಲು ಅಂಗುಲದಷ್ಟು ಇಳಿಜಾರನ್ನು ಮನೆಯಿಂದ ಹೊರಮುಖವಾಗಿ ಕೊಟ್ಟು, ಲೇಪದಲ್ಲಿ ಜಾರುತಡೆಯ ಹರಳು ಬೆರೆಸಬೇಕೆಂದೂ ಬರೆದಿದ್ದೇನೆ. ‘ಇಳಿಜಾರು’ ಮತ್ತು ‘ಜಾರುವುದು’ ಒಂದೇ ವಾಕ್ಯದಲ್ಲಿ ಬಂದು ಗೊಂದಲವಾಗುವುದರಿಂದ ಮೊದಲನೆಯದಕ್ಕೆ ‘ವಾಟ’ ಎಂದು ಬದಲಿಸಿದೆ. ಗೌಂಡಿಗಳ ಮಾತೂ ಅದೇ.

ನಿಜವಾಗಿ ಉತ್ತರ ಬೇಕಾಗಿರುವುದು ಮೂರನೆಯದಕ್ಕೆ. ಅಚ್ಚಿನ ಹಾಳೆ ಕಾಂಕ್ರೀಟಿಗೆ ಅಂಟಿಕೊಳ್ಳದಂತೆ ಒತ್ತುವ ಮೊದಲು ಇನ್ನೊಂದು ಬಗೆಯ ಬಣ್ಣದ ಪುಡಿಯನ್ನು ತೆಳುವಾಗಿ ಉದುರಿಸುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ರಿಲೀಸ್ ಏಜೆಂಟ್ ಎಂದು ಹೆಸರು. ಹೆಚ್ಚಿನದನ್ನು ಕೆಲ ದಿನಗಳ ನಂತರ ತೊಳೆದಾಗ ತಗ್ಗುಗಳಲ್ಲಿ ಉಳಿದದ್ದು ನೆರಳಿನ ಬಣ್ಣವಾಗಿ ನಿಲ್ಲುತ್ತದೆ. ‘ಬಿಡುಗಡೆ ಪುಡಿ’ ಎಂಬುದು ನಗೆಪಾಟಲು. ‘ಅಂಟುತಡೆ ಪುಡಿ’ ಅರ್ಥವಾಗುತ್ತದೆ, ಆದರೆ ಯಾರ ಬಾಯಲ್ಲೂ ಇಲ್ಲದ್ದು. ಚಪಾತಿ ಲಟ್ಟಿಸುವಾಗ ಮಣೆಗೆ ಅಂಟದಂತೆ ಉದುರಿಸಿಕೊಳ್ಳುವ ಹಿಟ್ಟಿನ ಕೆಲಸವೂ ಇದೇ ತಾನೇ? ನಮ್ಮ ಮನೆಯಲ್ಲಿ ಆ ಹಿಟ್ಟಿಗೆ ಪ್ರತ್ಯೇಕ ಹೆಸರಿಲ್ಲ, ‘ಉದುರಿಸುವ ಹಿಟ್ಟು’ ಎಂದಷ್ಟೇ ಹೇಳುತ್ತಾರೆ. ಅಂಕೋಲೆ, ಹೊನ್ನಾವರ, ಸಿದ್ದಾಪುರ, ಯಲ್ಲಾಪುರಗಳ ಅಡುಗೆಮನೆಗಳಲ್ಲಿ, ಅಥವಾ ಹಂಚು ಇಟ್ಟಿಗೆ ಮಾಡುವವರಲ್ಲಿ, ಅಚ್ಚಿಗೆ ಮಣ್ಣು ಅಂಟದಂತೆ ಹಾಕುವ ಬೂದಿಗೋ ಮರಳಿಗೋ ಒಂದೇ ಪದವಾಗಿ ಬಳಕೆಯಲ್ಲಿರುವ ಹೆಸರೇನಾದರೂ ಉಂಟೇ? ತಿಳಿದವರು, ಯಾವ ಊರಿನ ಮಾತೆಂಬುದನ್ನೂ ಸೇರಿಸಿ ಬರೆಯಬೇಕಾಗಿ ವಿನಂತಿ.