ಅಪ್ಪನ ಸಿಟ್ಟು ನನ್ನ ಕೈಗೂ ಬಂದಿದೆ. ಇದು ರಕ್ತದ್ದೋ, ಬೆಳೆದ ಮನೆಯದ್ದೋ?

ಪ್ರಶ್ನೆ (ಕಾರವಾರದಿಂದ):
ಬೈತಖೋಲ್ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುತ್ತೇನೆ. ಅಪ್ಪ ಬೋಟಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಬೋಟ್ ಕಡಲಿಗಿಳಿಯುವುದಿಲ್ಲ, ಅಪ್ಪ ಮನೆಯಲ್ಲೇ. ಆಗ ನನಗೆ ಪೆಟ್ಟು ಜಾಸ್ತಿ. ಬಲೆಯ ಹಗ್ಗದ ಬರೆ ಎರಡು ದಿನ ಹೋಗುತ್ತಿರಲಿಲ್ಲ.

ತಮ್ಮನನ್ನು ಮೂರು ವರ್ಷಕ್ಕೇ ಶಿರಸಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಸಿಟ್ಟು ಬಂದರೆ ಅವನಿಗೂ ನನ್ನಂತೆ ಕಿವಿ ಕೆಂಪಾಗುತ್ತದೆ. ಆದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಕೈ ಎತ್ತಿದ್ದನ್ನು ಯಾರೂ ನೋಡಿಲ್ಲ.

ಕಳೆದ ಭಾನುವಾರ ಎಂಟು ವರ್ಷದ ಮಗ ನನ್ನ ಹದಿನಾಲ್ಕರ ಸ್ಪ್ಯಾನರನ್ನು ಬಾವಿಗೆ ಬೀಳಿಸಿದ. ನನಗೆ ಗೊತ್ತಾಗುವುದರೊಳಗೆ ಅವನ ಕೆನ್ನೆಗೆ ಬಾರಿಸಿದ್ದೆ. 'ಥೇಟ್ ನಿನ್ನಪ್ಪನದೇ ಕೈ' ಅಂದರು ಅಮ್ಮ. ರಾತ್ರಿ ನಿದ್ದೆ ಬರಲಿಲ್ಲ. ರಕ್ತದಲ್ಲೇ ಬಂದಿದ್ದರೆ ನನ್ನ ತಪ್ಪು ಎಷ್ಟು? ಹೀಗೆ ಕೇಳುವುದೇ ತಪ್ಪಿಸಿಕೊಳ್ಳುವುದಾ?

ಉತ್ತರ (ಶಿರಸಿ, ಜೀವಶಾಸ್ತ್ರ ಉಪನ್ಯಾಸಕ):
ತಪ್ಪಿಸಿಕೊಳ್ಳುವವರಿಗೆ ನಿದ್ದೆ ಕೆಡುವುದಿಲ್ಲ. ಅವಳಿಗಳನ್ನು ಹೋಲಿಸಿ ಜೀನ್ (ವಂಶವಾಹಿ) ಎಷ್ಟು, ಬೆಳೆದ ಪರಿಸರ ಎಷ್ಟು ಅಂತ ನೋಡುವ ಅಧ್ಯಯನಗಳಿವೆ. ಐವತ್ತು ವರ್ಷಗಳ ಅಂಥ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಎಲ್ಲ ಗುಣಗಳ ಸರಾಸರಿ ತೆಗೆದರೆ ಜೀನ್‌ಗಳ ಪಾಲು 49 ಶೇಕಡಾ. ಇದನ್ನು 'ನನ್ನ ಸಿಟ್ಟಿನಲ್ಲಿ ಅರ್ಧ ಅಪ್ಪನದು' ಅಂತ ಓದಬೇಡಿ. ಜನರ ನಡುವಿನ ವ್ಯತ್ಯಾಸದ ಲೆಕ್ಕ ಅದು, ಒಬ್ಬ ಮನುಷ್ಯನನ್ನು ಪಾಲು ಮಾಡುವ ಲೆಕ್ಕ ಅಲ್ಲ.

ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿದ್ದಾರೆ. ಎಂಎಒಎ ಎಂಬ ಜೀನ್ ಮಂದವಾಗಿ ಕೆಲಸ ಮಾಡುವ ಹುಡುಗರಲ್ಲಿ, ಚಿಕ್ಕಂದಿನಲ್ಲಿ ಹಿಂಸೆ ತಿಂದವರು ಮುಂದೆ ಹೊಡೆದಾಟಕ್ಕೆ ಇಳಿದದ್ದು ಜಾಸ್ತಿ. ಅದೇ ಜೀನ್ ಇದ್ದೂ ಪೆಟ್ಟು ತಿನ್ನದೆ ಬೆಳೆದವರಲ್ಲಿ ಹಾಗೆ ಕಾಣಲಿಲ್ಲ. 2002ರಲ್ಲಿ ಇದು ಪ್ರಕಟವಾಯಿತು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ, ಹಾಗಾಗಿ ಒಂದೇ ಜೀನ್‌ಗೆ ಗಂಟು ಬೀಳಬೇಡಿ. ನಿಮ್ಮ ತಮ್ಮನ ಕಥೆಯೂ ಪುರಾವೆ ಅಲ್ಲ. ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗಿರುವುದು ಸುಮಾರು ಅರ್ಧ ಜೀನ್ ಮಾತ್ರ. ಆದರೂ ಆ ಕಥೆ ನನ್ನನ್ನು ಬಿಡುತ್ತಿಲ್ಲ.

ಉತ್ತರ (ಸಿದ್ದಾಪುರ, ತೋಟಿಗ):
ಒಂದೇ ತಾಯಿಬಳ್ಳಿಯಿಂದ ಕತ್ತರಿಸಿ ನೆಟ್ಟ ಕಾಳುಮೆಣಸು ನಮ್ಮಲ್ಲಿದೆ. ಜೀನ್ ಎಲ್ಲ ಒಂದೇ, ಅಲ್ವಾ? ನೀರು ನಿಲ್ಲುವ ಕಡೆಯ ಬಳ್ಳಿ ಸೊರಗು ರೋಗಕ್ಕೆ ಹೋಯಿತು. ಏರಿನ ಮೇಲಿನದು ಅಡಿಕೆ ಮರದ ತುದಿ ಮುಟ್ಟಿದೆ. ಆದರೆ ಬಸಿಗಾಲುವೆ ತೋಡಿಕೊಳ್ಳಲು ಬಳ್ಳಿಗೆ ಬರುವುದಿಲ್ಲ, ನಿಮಗೆ ಬರುತ್ತದೆ.

ಉತ್ತರ (ಕುಮಟಾ, ಪ್ರಾಥಮಿಕ ಶಾಲೆ ಶಿಕ್ಷಕಿ):
ಅಣ್ಣಾ, ಪೆಟ್ಟು ತಿಂದ ಮಕ್ಕಳು ತರಗತಿಯಲ್ಲಿ ಕೂತರೆ ನನಗೆ ಗೊತ್ತಾಗುತ್ತದೆ. ಯಾರಾದರೂ ಸುಮ್ನೆ ಕೈ ಎತ್ತಿದರೂ ತಲೆ ತಗ್ಗಿಸುತ್ತಾರೆ. ನಿಮಗೆ ಸಿಟ್ಟು ಎಲ್ಲಿಂದ ಬಂತು ಅನ್ನುವುದು ನಿಮ್ಮ ಮಗನಿಗೆ ಬೇಕಿಲ್ಲ. 'ತಪ್ಪಾಯಿತು' ಅಂತ ಅವನ ಹತ್ತಿರ ಹೇಳಿದಿರಾ?

ಪ್ರಶ್ನೆ ಕೇಳಿದವರು:
ಇಲ್ಲ ಟೀಚರ್, ಹೇಳಿರಲಿಲ್ಲ. ನಮ್ಮಪ್ಪ ಒಮ್ಮೆಯೂ ಹೇಳಿದವರಲ್ಲ, ನನಗೆ ಮಾತೇ ಬರುತ್ತಿರಲಿಲ್ಲ. ನಿನ್ನೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸ್ಪ್ಯಾನರ್ ತೆಗೆಯೋಣವಾ?' ಅಂದ. ಪಾತಾಳಗರಡಿಗೆ ಹಳೆ ಸ್ಪೀಕರಿನ ಮ್ಯಾಗ್ನೆಟ್ ಕಟ್ಟಿ ಇಬ್ಬರೂ ಬಾವಿಗೆ ಇಳಿಬಿಟ್ಟೆವು. ಇನ್ನೂ ಸಿಕ್ಕಿಲ್ಲ.

ತಮ್ಮನಿಗೂ ಫೋನ್ ಮಾಡಿದೆ. ಸಿಟ್ಟು ಬಂದಾಗ ಎದ್ದು ಹೋಗುವುದನ್ನು ಯಾರು ಕಲಿಸಿದರು ಅಂತ ಕೇಳಿದೆ. ಯಾರೂ ಕಲಿಸಲಿಲ್ಲವಂತೆ. ಚಿಕ್ಕಪ್ಪ ಹಾಗೆ ಎದ್ದು ಹೋಗುತ್ತಿದ್ದರಂತೆ.